ನಂದಿ ತಪ್ಪಲಿನ ಒಗರು

ಕೇಳುಗರಿಗೆ ನಮಸ್ಕಾರ. ನಮ್ಮ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಯನ್ನು ಹೊಗಳಬೇಕಾದರೆ ಮೊದಲು ಬಾಯಿಗೆ ಬರುವ ಮಾತು ಸಿಹಿ. ಹಣ್ಣು ಒಗರು ಎಂದು ಗೊತ್ತಾದರೆ ವ್ಯಾಪಾರಿ ಮಾತಿಲ್ಲದೆ ಮುಂದಿನ ತೋಟಕ್ಕೆ ಹೋಗುತ್ತಾನೆ. ಹೀಗಿರುವಾಗ ನನ್ನ ದೊಡ್ಡಪ್ಪನ ಮಗ, ನನಗಿಂತ ಹಿರಿಯ, ಒಗರನ್ನೇ ನೆಚ್ಚಿಕೊಂಡು ನಾಲ್ಕು ಎಕರೆ ತೋಟ ಮಾಡಿದ್ದಾನೆ. ನಂದಿ ಬೆಟ್ಟದ ತಪ್ಪಲಿನಲ್ಲಿ ಅವನದೊಂದು ಪುಟ್ಟ ವೈನರಿ. ಗಂಡ, ಹೆಂಡತಿ, ಮಗಳು, ಕೊಯ್ಲಿನ ದಿನಗಳಲ್ಲಿ ಒಂದಿಷ್ಟು ಕೂಲಿಯವರು; ಸಿಬ್ಬಂದಿ ಅಷ್ಟೇ.

ಆ ಜಾಗದಲ್ಲಿ ಮೊದಲಿದ್ದದ್ದು ಬೆಂಗಳೂರು ಬ್ಲೂ ಚಪ್ಪರ. 2013ರಲ್ಲಿ ಜಿಐ, ಅಂದರೆ ಈ ನೆಲದ್ದೇ ಬೆಳೆ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ, ನಮ್ಮ ನೆಲದ ಹೆಮ್ಮೆಯ ದ್ರಾಕ್ಷಿ. ಅದನ್ನು ಕಿತ್ತು ಕ್ಯಾಬರ್ನೆ ಸೊವಿನ್ಯೊ, ಶಿರಾಜ್ ಎಂಬ ಫ್ರಾನ್ಸಿನ ತಳಿಗಳನ್ನು ನೆಟ್ಟಾಗ ದೊಡ್ಡಪ್ಪ ಆರು ತಿಂಗಳು ಮಗನೊಡನೆ ಮಾತು ಬಿಟ್ಟಿದ್ದರು.

ಒಗರು ನಮ್ಮ ನಾಲಿಗೆಗೆ ಹೊಸದಲ್ಲ. ನೇರಳೆ ಹಣ್ಣು ತಿಂದಾಗ ಬಾಯೊಳಗೆ ಎಲ್ಲವೂ ಒಣಗಿ ಬಿಗಿದುಕೊಳ್ಳುತ್ತದಲ್ಲ, ಅದೇ. ದಿಟ್ಟವಾದ ಕೆಂಪು ವೈನಿನ ಬೆನ್ನೆಲುಬು ಈ ಒಗರು. ಅದು ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಿ. ಕಪ್ಪು ದ್ರಾಕ್ಷಿಯ ಬಹುಪಾಲು ತಳಿಗಳನ್ನು ಮೆಲ್ಲಗೆ ಹಿಂಡಿ ನೋಡಿ, ರಸಕ್ಕೆ ಹೆಚ್ಚು ಬಣ್ಣವೇ ಇರುವುದಿಲ್ಲ. ಆದ್ದರಿಂದ ಸಿಪ್ಪೆಯ ಸಮೇತ ಹುದುಗು ಬರಿಸುತ್ತಾರೆ. ಹುದುಗು ಏರಿದಾಗ ಹೊರಡುವ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ದಿನಕ್ಕೆ ಎರಡು ಮೂರು ಬಾರಿ ಅದನ್ನು ಒತ್ತಿ ಮುಳುಗಿಸಬೇಕು. ಮರೆತರೆ ಮೇಲ್ಪದರ ಕೆಟ್ಟು ವಿನೆಗರ್ ವಾಸನೆ ಹಿಡಿಯುತ್ತದೆ. ಆ ಕೆಲಸ ಮಗಳದು. ಎರಡು ವಾರ ಅವಳ ಅಂಗೈ ನೇರಳೆ ಬಣ್ಣದಲ್ಲೇ ಇರುತ್ತದೆ.

ಎರಡು ತಳಿಯ ವೈನುಗಳನ್ನು ಬೆರೆಸುವ ದಿನ ನಾನೂ ಹೋಗಿದ್ದೆ. ಅಡುಗೆಮನೆಯ ಮೇಜಿನ ಮೇಲೆ ನೂರು ಮಿಲಿಲೀಟರಿನ ಅಳತೆ ಜಾಡಿ, ಸಾಲಾಗಿ ಲೋಟಗಳು. ಬರೀ ಕ್ಯಾಬರ್ನೆ ಕುಡಿದರೆ ಮೊದಲು ಗಟ್ಟಿ, ಕೊನೆಯಲ್ಲೂ ಗಟ್ಟಿ, ನಡುವೆ ಮಾತ್ರ ಏನೋ ಖಾಲಿ. ಆ ಖಾಲಿಯನ್ನು ತುಂಬುವುದು ಶಿರಾಜ್. ಅದರ ಕಾಳುಮೆಣಸಿನ ಘಮಲು ನಮ್ಮ ಕಲ್ಪನೆಯಲ್ಲ. ಮೆಣಸಿನಲ್ಲಿರುವ ರೋಟಂಡೋನ್ ಎಂಬ ವಸ್ತುವೇ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಬೆಟ್ಟದ ಆ ಮಗ್ಗುಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ತೋಟದವರು ಇದೇ ಜೋಡಿಯಿಂದ ಹೆಸರು ಮಾಡಿ ಎಷ್ಟೋ ವರ್ಷವಾಯಿತು. ಅಣ್ಣ ಅರವತ್ತಕ್ಕೆ ನಲವತ್ತು, ಎಪ್ಪತ್ತಕ್ಕೆ ಮೂವತ್ತು ಎಂದು ಅಳೆಯುತ್ತ ಕುಳಿತಿದ್ದ.

“ನಮ್ಮ ಬೆಂಗಳೂರು ಬ್ಲೂ ಒಂದು ಚೂರು ಹಾಕೋ” ಎಂದರು ದೊಡ್ಡಪ್ಪ. ಅಪ್ಪನ ಮಾತು ತೆಗೆದುಹಾಕಲಾರದೆ ಐದೇ ಮಿಲಿಲೀಟರ್ ಹಾಕಿದ. ಲೋಟದಿಂದ ಮಕ್ಕಳಿಗೆ ಕೊಡುವ ದ್ರಾಕ್ಷಿ ಶರಬತ್ತಿನ ಪರಿಮಳ ಎದ್ದಿತು! ಮಿಕ್ಕ ತೊಂಬತ್ತೈದು ಎಲ್ಲಿ ಹೋಯಿತೋ ದೇವರೇ ಬಲ್ಲ. ದೊಡ್ಡಪ್ಪನೇ ನಕ್ಕುಬಿಟ್ಟರು. ಕೊನೆಗೆ ಎಪ್ಪತ್ತು–ಮೂವತ್ತು ನಿಂತಿತು.

ಆಮೇಲಿನದು ಓಕ್ ಪೀಪಾಯಿಯ ವಾಸ. ಒಂದರಲ್ಲಿ 225 ಲೀಟರ್, ಅಂದರೆ ಮುನ್ನೂರು ಬಾಟಲಿ. ಪೀಪಾಯಿ ದುಬಾರಿ, ಹಾಗಾಗಿ ಅಣ್ಣ ಅರ್ಧ ಮಾತ್ರ ಅದರಲ್ಲಿಡುತ್ತಾನೆ.

ಕುಡಿಯುವ ವಯಸ್ಸಿನವರಿಗೆ, ಅದೂ ಮಿತಿಯಲ್ಲಿ ಕುಡಿಯುವವರಿಗೆ, ಎರಡು ಮಾತು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಎನ್ನುವುದು ಚಳಿ ದೇಶದವರ ಲೆಕ್ಕ. ಅವರ ಕೋಣೆಯ ಹದಿನೆಂಟು ಡಿಗ್ರಿ ನಮ್ಮ ಏಪ್ರಿಲ್‌ನಲ್ಲಿ ಎಲ್ಲಿಂದ ಬರಬೇಕು? ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಇನ್ನು, ನಮ್ಮ ಕಡೆಯ ಖಾರದ ಮಟನ್ ಸಾರಿನೊಡನೆ ಇದನ್ನು ಕುಡಿಯಬೇಡಿ. ಒಗರೂ ಮದ್ಯಸಾರವೂ ಸೇರಿ ಖಾರವನ್ನು ಇಮ್ಮಡಿಸುತ್ತವೆ, ನಾನು ಅನುಭವಿಸಿದ್ದೇನೆ. ಖಾರ ತಗ್ಗಿಸಿ, ಕೊಬ್ಬು ತೆಗೆಯದೆ ಹುರಿದ ಮಾಂಸವಾದರೆ ಒಗರು ತಾನಾಗಿ ಮೆತ್ತಗಾಗುತ್ತದೆ.

ದೊಡ್ಡಪ್ಪ ಇಂದಿಗೂ ಒಂದು ಗುಟುಕಿಗಿಂತ ಹೆಚ್ಚು ಕುಡಿಯುವುದಿಲ್ಲ. ಮನೆಯ ಹಿತ್ತಿಲಲ್ಲಿ ಬೆಂಗಳೂರು ಬ್ಲೂವಿನ ಒಂದು ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದ್ದಾರೆ. ಹಣ್ಣಾದಾಗ ಮೊಮ್ಮಗಳೇ ಮೊದಲು ಕೀಳುತ್ತಾಳೆ, ನೇರಳೆ ಬಣ್ಣದ ಕೈಗಳಲ್ಲಿ.