ಮುಖ ಮಸುಕಾದರೆ ಸಾಕೇ?

ಕೇಳುಗರೇ, ನಮಸ್ಕಾರ.

ನಾನು ಒಂದು ಚಿಕ್ಕ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮಕ್ಕಳ ಪಾಲನಾ ಕೇಂದ್ರದವರು ವಾರ್ಷಿಕ ವರದಿಗೆ ಫೋಟೋ ಬೇಕೆಂದರು. ಮಕ್ಕಳ ಗುರುತು ಸಿಗಬಾರದು ಎಂದು ಮೊದಲೇ ಹೇಳಿದ್ದರು. ನಾನು ಒಂದೊಂದು ಮುಖವನ್ನೂ ಕೂತು ಬ್ಲರ್ ಮಾಡಿದೆ. ಅಚ್ಚಿಗೆ ಹೋಗುವ ಮುಂಚೆ ಅಲ್ಲಿನ ಆಯಾ ಫೋಟೋ ನೋಡಿ, "ಸಾರ್, ಈ ಬ್ಯಾಗ್ ಮೇಲೆ ಶಾಲೆ ಹೆಸರಿದೆಯಲ್ಲಾ" ಎಂದರು. ನನಗೆ ಎದೆ ಧಸಕ್ಕೆಂದಿತು. ಅಷ್ಟು ಹೊತ್ತು ಮುಖಗಳನ್ನೇ ನೋಡುತ್ತಿದ್ದೆ, ಬ್ಯಾಗ್ ಕಣ್ಣಿಗೇ ಬಿದ್ದಿರಲಿಲ್ಲ.

ಪಾಲನೆ, ರಕ್ಷಣೆ ಬೇಕಾದ ಇಂಥ ಮಕ್ಕಳ ವಿಷಯದಲ್ಲಿ ಕಾನೂನು ಬಿಗಿಯಾಗಿಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮುಖದ ಬಗ್ಗೆ ಮಾತ್ರ ಹೇಳುವುದಿಲ್ಲ. ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯಲು ನೆರವಾಗುವ ಯಾವ ವಿವರವೂ ಮಾಧ್ಯಮದಲ್ಲಿ ಬರಬಾರದು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್ನು ಬ್ಲರ್ ಅಂದರೇನು? ಫೋಟೋದ ಪ್ರತಿ ಚುಕ್ಕಿಯ ಬಣ್ಣವನ್ನು ಅಕ್ಕಪಕ್ಕದ ಚುಕ್ಕಿಗಳ ಜೊತೆ ಬೆರೆಸುವುದು, ಅಷ್ಟೇ. ಸ್ವಲ್ಪ ಬೆರೆಸಿದರೆ ಮುಖ ಸುಮ್ನೆ ಮಬ್ಬಾಗುತ್ತದೆ, ಅಳಿಸಿಹೋಗುವುದಿಲ್ಲ. ಸುರುಳಿ ಸುತ್ತಿದ ಹಾಗೆ ಮುಖ ತಿರುಚುವ ಎಫೆಕ್ಟ್ ಇದೆಯಲ್ಲ, ಅದು ಇನ್ನೂ ದುರ್ಬಲ. ಮಕ್ಕಳಿಗೆ ದೌರ್ಜನ್ಯ ಮಾಡಿದ ಒಬ್ಬ ಹಾಗೆ ತನ್ನ ಮುಖ ಮರೆಸಿಕೊಂಡು ಫೋಟೋ ಹಾಕಿದ್ದ. ಜರ್ಮನಿಯ ಪೊಲೀಸ್ ತಜ್ಞರು ಆ ಸುರುಳಿಯನ್ನು ಬಿಚ್ಚಿಬಿಟ್ಟರು. 2007ರಲ್ಲಿ ಥಾಯ್ಲೆಂಡ್‌ನಲ್ಲಿ ಸಿಕ್ಕಿಬಿದ್ದ. ಅವನು ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಅದೇ ಎಫೆಕ್ಟ್ ನಂಬಿ ನಾವು ಒಂದು ಮಗುವನ್ನು ಮರೆಮಾಡಲು ಹೊರಟರೆ? ಚೌಕಳಿ ಹಾಕಿ ಮರೆಸಿದ ಮುಖಗಳನ್ನೂ ಕಂಪ್ಯೂಟರ್ ಎಷ್ಟೋ ಸಲ ಗುರುತಿಸಬಲ್ಲದು ಎಂದು 2016ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ.

ಆದ್ದರಿಂದ ನಿಜವಾಗಿ ಮುಚ್ಚಬೇಕಾದಾಗ ನಾನೀಗ ಗಟ್ಟಿ ಕಪ್ಪು ಪಟ್ಟಿಯನ್ನೇ ಹಾಕುತ್ತೇನೆ. ನೋಡಲು ಚೆಂದ ಇರುವುದಿಲ್ಲ, ಇರಲಿ. ಮೊಬೈಲಿನ ಹೈಲೈಟರ್ ಪೆನ್ನಿನಿಂದ ಗೀಚಿದರೆ ಸಾಲದು. ಬ್ರೈಟ್‌ನೆಸ್ ಏರಿಸಿದರೆ ಅದರಡಿಯ ಅಕ್ಷರ ಎಷ್ಟೋ ಸಲ ಕಾಣುತ್ತದೆ. ಆಧಾರ್ ಪ್ರತಿ ಕಳಿಸುವುದಿದ್ದರೆ ಬ್ಲರ್ ಗೋಜೇ ಬೇಡ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸರ್ಕಾರವೇ ಕೊಡುತ್ತದೆ, ಡೌನ್‌ಲೋಡ್ ಮಾಡಿಕೊಳ್ಳಿ.

ಹಾಗಂತ ಮಸುಕಿನ ಮೇಲೆ ನನಗೆ ಕೋಪವಿಲ್ಲ. ಅದು ನನ್ನ ಪ್ರೀತಿಯ ಕೆಲಸ! ಕಂಬಳದಲ್ಲಿ ಶಟರ್ ವೇಗವನ್ನು 1/30 ಸೆಕೆಂಡಿಗೆ ಇಳಿಸಿ, ಓಡುವ ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸಿ ನೋಡಿ. ಕೋಣಗಳು ಸ್ಪಷ್ಟ, ಹಿಂದಿನ ಜನ ಬರೀ ಬಣ್ಣದ ಗೆರೆಗಳು. ಹತ್ತು ಸಲ ತೆಗೆದರೆ ಒಂದು ಸಲ ಸರಿಯಾಗಿ ಬರುತ್ತದೆ. ಆ ಒಂದರಲ್ಲಿ ಓಟವೇ ಕಾಣುತ್ತದೆ. ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯನ್ನು ಪೂರ್ತಿ ತೆರೆದು ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದರೆ, ದೂರದಲ್ಲಿರುವುದೆಲ್ಲ ಬಣ್ಣವಾಗಿ ಕರಗುತ್ತದೆ.

ಮರುವರ್ಷ ಅದೇ ಕೇಂದ್ರಕ್ಕೆ ಹೋದಾಗ ಇದೇ ನೆನಪಾಯಿತು. ಮಕ್ಕಳು ಅಂಗಳದಲ್ಲಿ ದೊಡ್ಡ ರಂಗೋಲಿ ಹಾಕಿದ್ದರು. ನಾನು ನೆಲಕ್ಕೆ ಮಲಗಿ ರಂಗೋಲಿಯ ಒಂದು ಎಳೆಗೆ ಫೋಕಸ್ ಮಾಡಿದೆ. ಮಕ್ಕಳು ದೂರದಲ್ಲಿ, ನನಗೆ ಬೆನ್ನು ಹಾಕಿ ಆಡುತ್ತಿದ್ದರು. ಫೋಟೋದಲ್ಲಿ ಮುಖವಿಲ್ಲ, ಬ್ಯಾಗಿಲ್ಲ, ಹೆಸರಿಲ್ಲ. ಹಸಿರು, ಕೆಂಪು, ಹಳದಿಯ ದೊಡ್ಡ ದೊಡ್ಡ ಹನಿಗಳು ಮಾತ್ರ. ಆಮೇಲೆ ಕಂಪ್ಯೂಟರಿನಲ್ಲಿ ನಾನು ಏನನ್ನೂ ಅಳಿಸಬೇಕಾಗಲಿಲ್ಲ.

ಕ್ಯಾಮೆರಾದ ಹಿಂಬದಿಯಲ್ಲಿ ಅದನ್ನು ಮಕ್ಕಳಿಗೆ ತೋರಿಸಿದೆ. ಹಳದಿ ಲಂಗ ಹಾಕಿದ್ದ ಒಬ್ಬಳು ಬೆರಳಿಟ್ಟು ಕೇಳಿದಳು, "ಅಂಕಲ್, ಈ ಹಳದಿ ನಾನೇ ಅಲ್ವಾ?"

ನಮಸ್ಕಾರ.