ಕೊನೆಗೆ ಮುಟ್ಟಬೇಕಾದ ಸ್ಕ್ರೂ

ಕೇಳುಗರಿಗೆ ನಮಸ್ಕಾರ.

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸದ್ದು ಕೇಳಿದ್ದೀರಾ? ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಇಂಜಿನ್ ಹಿಂದೆ ಇದೆ. ರೇಡಿಯೇಟರ್ ಇಲ್ಲ, ನೀರೂ ಇಲ್ಲ. ದೊಡ್ಡದೊಂದು ಫ್ಯಾನ್ ಗಾಳಿ ಊದಿ ನಾಲ್ಕು ಸಿಲಿಂಡರುಗಳನ್ನು ತಣ್ಣಗಿಡುತ್ತದೆ. ಸುತ್ತ ನೀರಿನ ಹೊದಿಕೆ ಇಲ್ಲವಲ್ಲ, ಒಳಗೆ ನಡೆಯುವುದೆಲ್ಲ ಕಿವಿಗೆ ಬೀಳುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಈ ಕಾರು 2003ರ ಜುಲೈವರೆಗೂ ಮೆಕ್ಸಿಕೋದಲ್ಲಿ ತಯಾರಾಗುತ್ತಿತ್ತು. ಒಟ್ಟು 2 ಕೋಟಿ 15 ಲಕ್ಷಕ್ಕೂ ಜಾಸ್ತಿ ಕಾರುಗಳು. ಈವತ್ತು ನಾನು ಮಾತಾಡುವುದು ಆ ಇಂಜಿನ್ನಿನ ನೆತ್ತಿಯ ಮೇಲೆ ಕೂತಿರುವ ಒಂದು ಸಣ್ಣ ಸಾಮಾನಿನ ಬಗ್ಗೆ. ಸೋಲೆಕ್ಸ್ ಕಾರ್ಬುರೇಟರ್. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವುದು ಇದೇ.

ನನ್ನ ಹತ್ತಿರ ಇರುವುದು 1972ರ ಬೀಟಲ್, 1600 ಸಿಸಿ. ಕಾರ್ಬುರೇಟರಿನ ಮಾದರಿ 34 ಪಿಕ್ಟ್-3. ಕೊಂಡ ಹೊಸದರಲ್ಲಿ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಇಂಜಿನ್ ಏರಿ ಇಳಿದು ಒದ್ದಾಡುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ನಿಂತು ಆಮೇಲೆ ಎಳೆಯುತ್ತಿತ್ತು. ಎಲ್ಲರೂ ಕಾರ್ಬುರೇಟರ್ ಅಂದರು. ನಾನೂ ನಂಬಿದೆ. ಎರಡು ತಿಂಗಳು ಸ್ಕ್ರೂ ತಿರುಗಿಸಿದೆ. ಎರಡು ಸಲ ಬಿಚ್ಚಿ ಜೆಟ್ಟುಗಳನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗಗಳನ್ನು, ತೊಳೆದೆ. ಏನೂ ಆಗಲಿಲ್ಲ.

ಕೊನೆಗೆ ಸಿಕ್ಕಿದ್ದು ಕಾರ್ಬುರೇಟರಿನಲ್ಲಿ ಅಲ್ಲ. ಅದರಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆಯನ್ನು ಎರಡೂ ಕಡೆ ಒಂದೊಂದು ರಬ್ಬರ್ ತೋಳು ಜೋಡಿಸುತ್ತದೆ. ಎಡಗಡೆಯದರಲ್ಲಿ ಕೂದಲೆಳೆಯಷ್ಟು ಬಿರುಕು. ಇಂಜಿನ್ ಓಡುವಾಗ ಅಲ್ಲಿಗೆ ಕಾರ್ಬುರೇಟರ್ ಕ್ಲೀನರ್ ಸ್ವಲ್ಪ ಸಿಂಪಡಿಸಿದೆ. ಸದ್ದು ತಟ್ಟನೆ ಬದಲಾಯಿತು. ಆ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ಅದನ್ನು ಯಾವ ಸ್ಕ್ರೂ ತಾನೇ ಸರಿ ಮಾಡೀತು? ಒಂದು ಮಾತು. ಹಾಗೆ ಸಿಂಪಡಿಸುವಾಗ ಹುಷಾರು. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ, ಬೆಂಕಿ ಹತ್ತಿಕೊಳ್ಳಬಹುದು.

ಅಂದಿನಿಂದ ನಾನು ಕಾರ್ಬುರೇಟರಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಟ್ಯಾಪೆಟ್, ಅಂದರೆ ವಾಲ್ವ್‌ಗಳನ್ನು ಒತ್ತುವ ಕಡೆಯ ಸಂದು. ಇಂಜಿನ್ ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾಗಿರಬೇಕು. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಹಾಕಿ 0.15 ಮಿಲಿಮೀಟರ್ ಸಂದು ಬಿಡಬೇಕು. ಆಮೇಲೆ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್, ಅದರ ಸಂದು 0.4 ಮಿಲಿಮೀಟರ್. ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಪಾಯಿಂಟಿನ ಸಂದು ಬದಲಾದರೆ ಟೈಮಿಂಗ್ ಕೂಡ ಜರುಗುತ್ತದೆ, ಆದ್ದರಿಂದ ಈ ಎರಡನ್ನು ಹಿಂದುಮುಂದು ಮಾಡಬಾರದು. ಗಾಳಿ ಸೋರುತ್ತಿಲ್ಲ ಅಂತ ಖಚಿತವಾದ ಮೇಲೆ ಕಾರ್ಬುರೇಟರ್.

ಈಗ ಕಾರನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ಇಂಜಿನ್ ತಣ್ಣಗಿರುವಾಗ ಗಾಳಿ ತಡೆಯುವ ಬಾಗಿಲು, ಚೋಕ್, ಪೂರ್ತಿ ತೆರೆದಿರಬೇಕು. ಈ ಚೋಕ್ ತಾನಾಗಿಯೇ ಕೆಲಸ ಮಾಡುತ್ತದೆ. ಒಳಗಿನ ಸುರುಳಿ ಕರೆಂಟಿನಲ್ಲಿ ಬಿಸಿಯಾಗಿ ಬಿಚ್ಚಿಕೊಂಡಂತೆ ಬಾಯಿ ತೆರೆಯುತ್ತದೆ. ತೆರೆಯದಿದ್ದರೆ ಮೊದಲು ಅದನ್ನು ನೋಡಿ.

34 ಪಿಕ್ಟ್-3ರಲ್ಲಿ ಸ್ಕ್ರೂ ಮೂರು. ಒಂದು, ಆಕ್ಸಿಲರೇಟರ್ ಕೇಬಲ್ ಎಳೆಯುವ ತೋಳಿನಲ್ಲಿ. ಇನ್ನೆರಡು ಎಡಬದಿಯಲ್ಲಿ, ದೊಡ್ಡದೊಂದು ಚಿಕ್ಕದೊಂದು. ಜನ ತಪ್ಪುವುದು ಮೊದಲನೆಯದರಲ್ಲೇ. ಐಡ್ಲಿಂಗ್, ಅಂದರೆ ಕಾರು ನಿಂತಿದ್ದಾಗ ಇಂಜಿನ್ ಓಡುವ ವೇಗ, ಕಮ್ಮಿ ಅನಿಸಿದರೆ ಸುಮ್ನೆ ಅದನ್ನೇ ತಿರುಗಿಸುತ್ತಾರೆ. ಹಳೆಯ ಮಾದರಿಗಳಲ್ಲಿ ಅದು ಸರಿಯೇ. ಇದರಲ್ಲಿ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ಕಾರ್ಬುರೇಟರಿನ ಗಂಟಲಲ್ಲಿ ಬಿಲ್ಲೆಯಂಥ ಒಂದು ಬಾಗಿಲಿದೆ. ಐಡ್ಲಿಂಗ್‌ನಲ್ಲಿ ಅದು ಹೆಚ್ಚುಕಮ್ಮಿ ಮುಚ್ಚಿರಬೇಕು. ಬಾಗಿಲಿನ ಅಂಚಿಗೆ ಸರಿಯಾಗಿ ಗೋಡೆಯಲ್ಲಿ ಸೂಜಿಮೊನೆಯಂಥ ತೂತುಗಳಿವೆ. ನೀವು ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ಮೊದಲು ಪೆಟ್ರೋಲ್ ಕೊಡುವುದು ಅವು. ಸ್ಕ್ರೂ ತಿರುಗಿಸಿ ಬಾಗಿಲನ್ನು ಮೊದಲೇ ತೆರೆದಿಟ್ಟರೆ ಆ ತೂತುಗಳು ನಿಂತಲ್ಲೇ ಸುರಿಸಲು ಶುರು ಮಾಡುತ್ತವೆ. ನಿಜವಾಗಿ ಬೇಕಾದಾಗ ಕೊಡಲು ಅವುಗಳ ಹತ್ತಿರ ಏನೂ ಉಳಿದಿರುವುದಿಲ್ಲ. ಇಂಜಿನ್ ತಡವರಿಸುತ್ತದೆ.

ಆದ್ದರಿಂದ ಆ ಮೊದಲ ಸ್ಕ್ರೂವನ್ನು, ಅದರ ತುದಿ ತಾಗುವ ಮೆಟ್ಟಿಲು ಮೆಟ್ಟಿಲಾದ ತುಂಡಿನಿಂದ, ಅಂದರೆ ಕ್ಯಾಮ್‌ನಿಂದ, ಪೂರ್ತಿ ದೂರ ತನ್ನಿ. ಮತ್ತೆ ಮುಟ್ಟಿಯೂ ಮುಟ್ಟದ ಹಾಗೆ ತಾಗಿಸಿ, ಕಾಲು ಸುತ್ತು ಒಳಗೆ ಕೊಡಿ. ಅಷ್ಟೇ, ಇನ್ನು ಅದರ ಸುದ್ದಿಗೆ ಹೋಗಬೇಡಿ. ಚಿಕ್ಕ ಸ್ಕ್ರೂವನ್ನು ಮೆತ್ತಗೆ ಕೊನೆಯವರೆಗೆ ಒಳಗೆ ತಿರುಗಿಸಿ, ಎರಡೂವರೆ ಸುತ್ತು ಹೊರಗೆ ತನ್ನಿ. ಬಿಗಿಯಬೇಡಿ, ಅದರ ಚೂಪು ತುದಿ ಕೆಟ್ಟುಹೋಗುತ್ತದೆ. ಇಂಜಿನ್ ಶುರು ಮಾಡಿ ದೊಡ್ಡ ಸ್ಕ್ರೂನಿಂದ ನಿಮಿಷಕ್ಕೆ 850 ಸುತ್ತಿಗೆ ತನ್ನಿ.

ಇನ್ನು ಕಿವಿಗೆ ಕೆಲಸ. ಚಿಕ್ಕ ಸ್ಕ್ರೂವನ್ನು ಮೆಲ್ಲಗೆ ಆಚೀಚೆ ತಿರುಗಿಸಿ. ಒಂದು ಕಡೆ ಇಂಜಿನ್ ಅತಿ ವೇಗವಾಗಿ, ಅತಿ ನುಣುಪಾಗಿ ಓಡುತ್ತದೆ. ಅಲ್ಲಿಂದ ಇಂಜಿನ್ನಿನ ವೇಗ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸುತ್ತು ಇಳಿಯುವವರೆಗೆ ಸ್ಕ್ರೂವನ್ನು ಒಳಗೆ ಕೊಡಿ. ಮತ್ತೆ ದೊಡ್ಡ ಸ್ಕ್ರೂನಿಂದ 850. ಪ್ರತಿ ತಿರುವಿನ ನಂತರ ಕೆಲವು ಸೆಕೆಂಡ್ ಕಾಯಬೇಕು, ಇಂಜಿನ್ ನಿಧಾನವಾಗಿ ಉತ್ತರ ಕೊಡುತ್ತದೆ. ಸುತ್ತು ಎಣಿಸುವ ಮೀಟರ್ ಇದ್ದರೆ ಒಳ್ಳೆಯದು. ಆದರೆ ಆ ನುಣುಪನ್ನು ಮೊದಲು ಹಿಡಿಯುವುದು ಕಿವಿಯೇ.

ಗಾಳಿಯಿಂದ ತಣಿಯುವ ಇಂಜಿನ್ನಿಗೆ ಇದರಲ್ಲಿ ಇಷ್ಟು ಕಾಳಜಿ ಯಾಕೆ? ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾದರೆ ಇಂಜಿನ್ ಬಿಸಿಯೇರುತ್ತದೆ. ಆ ಬಿಸಿಯನ್ನು ಹೀರಿಕೊಳ್ಳಲು ಇಲ್ಲಿ ನೀರಿಲ್ಲ. ಹೊಗೆ ಹೊರಗೆ ಬಿಡುವ ವಾಲ್ವ್‌ಗಳು ಸುಟ್ಟುಹೋಗುತ್ತವೆ. ಈಗಂತೂ ನಮ್ಮ ಬಂಕುಗಳಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲ್. ನೂರಕ್ಕೆ 20 ಎಥನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ, ಅದೇ ಜೆಟ್ಟಿನಲ್ಲಿ ಗಾಳಿ ಜಾಸ್ತಿಯಾದಷ್ಟೇ ಪರಿಣಾಮ. ಹಳೆಯ ರಬ್ಬರ್ ಪೈಪುಗಳನ್ನೂ ಅದು ಹಾಳು ಮಾಡುತ್ತದೆ. ಹಳೆ ಕಾರು ಇಟ್ಟುಕೊಂಡವರು ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಇದನ್ನು ಮುಂದಕ್ಕೆ ಹಾಕಬೇಡಿ, ದಯವಿಟ್ಟು.

ಎತ್ತರದ ಲೆಕ್ಕ ಇದಕ್ಕೆ ಉಲ್ಟಾ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಮಂಗಳೂರಲ್ಲಿ ಚೆನ್ನಾಗಿ ಕೂಡಿಸಿದ ಕಾರ್ಬುರೇಟರ್ ಘಾಟಿ ಹತ್ತಿ ಬಂದರೆ ಇಲ್ಲಿ ಸ್ವಲ್ಪ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಅದಕ್ಕೆ, ಕಾರು ಜಾಸ್ತಿ ಓಡುವ ಊರಲ್ಲೇ ಹೊಂದಿಸಬೇಕು.

ಹೊಂದಿಸಿದ್ದು ಸರಿಯಾಯಿತೋ ಇಲ್ಲವೋ ಎಂದು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿನ ಮೂತಿ ಹೇಳುತ್ತದೆ. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿದ್ದರೆ ಬಿಸಿ ಜಾಸ್ತಿ. ಕಳೆದ ಭಾನುವಾರ ನನ್ನ ಕಾರಿನ ನಾಲ್ಕೂ ಪ್ಲಗ್ ಬಿಚ್ಚಿ ನೋಡಿದೆ. ಮೂರು ಕಾಫಿ ಪುಡಿ ಬಣ್ಣ. ಮೂರನೇ ಸಿಲಿಂಡರಿನದು ಮಾತ್ರ ಸ್ವಲ್ಪ ಬಿಳಿಚಿದೆ. ನಾಳೆ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗಲೇ, ಟ್ಯಾಪೆಟ್ಟಿನಿಂದ ಮತ್ತೆ ಶುರು ಮಾಡುತ್ತೇನೆ.

ನಮಸ್ಕಾರ.