ಇಲಿ ಲಿಫ್ಟ್ ಹತ್ತಿದರೆ ಲೆಕ್ಕ ತಪ್ಪುತ್ತದೆ

[ದೃಶ್ಯ: ಕತ್ತಲೆ ಕೋಣೆ. ಪರದೆಯ ಮೇಲೆ ಹೊಳೆಯುವ ಹಸಿರು ಕೊಂಬೆ. ಅದರ ಮೈತುಂಬ ಸಣ್ಣ ಸಣ್ಣ ಉಬ್ಬು.]

ನಮಸ್ಕಾರ. ಇದು ಗಿಡದ ಕೊಂಬೆ ಅಲ್ಲ. ಜೀವಂತ ಇಲಿಯ ಮಿದುಳಿನಲ್ಲಿರುವ ಒಂದು ನರಕೋಶದ ಕವಲು. ಡೆಂಡ್ರೈಟ್ ಅನ್ನುತ್ತಾರೆ. ಮೈಮೇಲೆ ಮೊಗ್ಗಿನ ಹಾಗೆ ಕಾಣುವುದು ಸ್ಪೈನ್. ಬೇರೆ ಕೋಶಗಳ ಸುದ್ದಿ ಬಂದು ತಲುಪುವ ಜಾಗ. ಅಗಲ ಹೆಚ್ಚುಕಮ್ಮಿ 1 ಮೈಕ್ರಾನ್. ಒಂದು ತಲೆಕೂದಲಿನ ದಪ್ಪದಲ್ಲಿ ಇಂಥವು 70-80 ಹಿಡಿಸುತ್ತವೆ.

ಏನಾದರೂ ಕಲಿತಾಗ, ಹೆದರಿದಾಗ, ಮರೆತಾಗ ಈ ಮೊಗ್ಗುಗಳಲ್ಲಿ ಕೆಲವು ಹೊಸದಾಗಿ ಹುಟ್ಟುತ್ತವೆ, ಕೆಲವು ಉದುರುತ್ತವೆ, ಕೆಲವು ದಪ್ಪ ಆಗುತ್ತವೆ. ಮಿದುಳಿನ ಪ್ಲಾಸ್ಟಿಸಿಟಿ, ಅಂದರೆ ಅನುಭವಕ್ಕೆ ತಕ್ಕಂತೆ ಬದಲಾಗುವ ಗುಣ, ಅಂತ ನಾವು ಕರೆಯುವುದರ ಒಂದು ದೊಡ್ಡ ಪಾಲು ಇಲ್ಲೇ ನಡೆಯುತ್ತದೆ.

ಇದನ್ನು ನೋಡುವ ಯಂತ್ರದ ಬೆಲೆ ಕೋಟಿಗಳ ಮಾತು. ಲ್ಯಾಬಿಗೊಂದು ಕೊಳ್ಳಲು ಆಗುವುದಿಲ್ಲ. ಅದಕ್ಕೇ ಹಲವು ಲ್ಯಾಬ್‌ಗಳು ಸೇರಿ ಒಂದನ್ನು ಬಳಸುತ್ತವೆ. ಇಂಥ ಹಂಚಿಕೆಯ ಸೌಲಭ್ಯವನ್ನು ಅಪ್‌ಗ್ರೇಡ್ ಮಾಡುತ್ತೇವೆ ಅಂದರೆ ಎಲ್ಲರೂ ಹೊಸ ಮೈಕ್ರೋಸ್ಕೋಪಿನ ಫೋಟೋ ಕೇಳುತ್ತಾರೆ. ನಾನು ಕೇಳುವುದು, ಇಲಿ ಇರುವ ಕೋಣೆ ಎಷ್ಟನೇ ಮಹಡಿಯಲ್ಲಿದೆ ಅಂತ.

ನಗಬೇಡಿ. ಬೆಂಗಳೂರಿನಲ್ಲೇ ನಡೆದ ಒಂದು ಕೆಲಸದಿಂದ ಶುರು ಮಾಡೋಣ.

[ದೃಶ್ಯ: ಎರಡು ಕವಲುಗಳ ರೇಖಾಚಿತ್ರ. ಒಂದು ಮೊಟಕಾಗುತ್ತದೆ, ಇನ್ನೊಂದು ಹರಡುತ್ತದೆ.]

2002ರಲ್ಲಿ ಜೀವವಿಜ್ಞಾನದ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟ್ಟರ್ಜಿ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಜೊತೆಗಾರರು ಒಂದು ಲೇಖನ ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ 2 ಗಂಟೆ ಅಲುಗಾಡಲು ಬಿಡದೆ ಇಟ್ಟಿದ್ದರು. ಹೀಗೆ 10 ದಿನ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಕವಲುಗಳು ಮೊಟಕಾದವು. ಭಯದ ಕೆಲಸ ನೋಡಿಕೊಳ್ಳುವ ಅಮಿಗ್ಡಲಾದಲ್ಲಿ ಇದರ ಉಲ್ಟಾ. ಕವಲುಗಳು ಬೆಳೆದವು! ಮುಂದಿನ ಕೆಲಸದಲ್ಲಿ ಇಲಿಗಳಿಗೆ 21 ದಿನ ಬಿಡುವು ಕೊಟ್ಟು ನೋಡಿದರು. ಅಮಿಗ್ಡಲಾ ಮೊದಲಿನ ಸ್ಥಿತಿಗೆ ಬರಲಿಲ್ಲ.

ಆ ಕೆಲಸಕ್ಕೆ ಬಳಸಿದ್ದು ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದ ಬಣ್ಣ ಹಾಕುವ ವಿಧಾನ. ಹಳೆಯದು, ಗಟ್ಟಿ, ಅಗ್ಗ. ಒಂದೇ ತೊಂದರೆ ಅಂದರೆ ಇಲಿ ಸತ್ತ ಮೇಲೆ ಮಾತ್ರ ನೋಡಬಹುದು. ಇಂದು ಕಂಡ ಮೊಗ್ಗು ನಿನ್ನೆ ಇತ್ತಾ? ಗೊತ್ತಾಗುವುದಿಲ್ಲ.

ಒಂದೇ ಮೊಗ್ಗನ್ನು ಮತ್ತೆ ಮತ್ತೆ ನೋಡುವ ದಾರಿ ತೆರೆದದ್ದು ಟೂ-ಫೋಟಾನ್ ಮೈಕ್ರೋಸ್ಕೋಪ್. 1990ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಡೆಂಕ್, ಸ್ಟ್ರಿಕ್ಲರ್, ವೆಬ್ ಮಾಡಿ ತೋರಿಸಿದರು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಚಿಕ್ಕ ಚಿಕ್ಕ ಮಿಡಿತಗಳಾಗಿ ಬಿಡುತ್ತಾರೆ. ಎರಡು ಫೋಟಾನ್‌ಗಳು ಒಟ್ಟಿಗೇ ಬಂದು ಬಿದ್ದ ಜಾಗದಲ್ಲಿ ಮಾತ್ರ ಕೋಶ ಹೊಳೆಯುತ್ತದೆ. ಅಷ್ಟು ಒತ್ತೊತ್ತಾಗಿ ಫೋಟಾನ್‌ಗಳು ಬೀಳುವುದು ಫೋಕಸ್ ಇರುವ ಬಿಂದುವಿನಲ್ಲಷ್ಟೇ. ಹಾಗಾಗಿ ಸುತ್ತಮುತ್ತ ಮಸುಕಾಗುವುದಿಲ್ಲ. ಅರ್ಧ ಮಿಲಿಮೀಟರ್ ಆಳದಲ್ಲೂ ಸ್ಪೈನ್ ಎಣಿಸಬಹುದು. ಇಲಿ ಜೀವಂತ ಇರುವಾಗಲೇ.

[ದೃಶ್ಯ: ಪರದೆ ಎರಡು ಭಾಗ. ಎಡಕ್ಕೆ 96%, ಬಲಕ್ಕೆ 50%.]

ಈಗ ನಿಜವಾದ ಜಗಳ. ಡಿಸೆಂಬರ್ 2002. ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ. ಎರಡೂ ತಂಡದ್ದು ಟೂ-ಫೋಟಾನ್, ಎರಡೂ ಕಡೆ ಮೌಸ್ ಅನ್ನುವ ಚಿಕ್ಕ ಜಾತಿಯ ಇಲಿ. ಒಂದು ತಂಡ ಹೇಳಿತು, ಬೆಳೆದ ಇಲಿಯಲ್ಲಿ ತಿಂಗಳಾದರೂ ಸುಮಾರು 96% ಸ್ಪೈನ್‌ಗಳು ಹಾಗೇ ಇರುತ್ತವೆ. ಇನ್ನೊಂದು ತಂಡ ಹೇಳಿತು, ತಿಂಗಳು ನಿಲ್ಲುವುದು ಅರ್ಧದಷ್ಟೇ.

ಮಿದುಳಿನ ಭಾಗ ಬೇರೆ, ಇಲಿಗಳ ವಯಸ್ಸು ಬೇರೆ, ಅದೆಲ್ಲ ಸರಿ. ಇನ್ನೊಂದು ವ್ಯತ್ಯಾಸವೂ ಇತ್ತು. ಮೊದಲ ತಂಡ ತಲೆಬುರುಡೆಯನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ಅದರ ಮೂಲಕ ನೋಡಿತು. ಎರಡನೆಯದು ಮೂಳೆಯ ಚೂರು ತೆಗೆದು ಗಾಜಿನ ಕಿಟಕಿ ಕೂರಿಸಿತು. 2007ರಲ್ಲಿ ಮೊದಲ ತಂಡದವರೇ ಎರಡೂ ವಿಧಾನ ಹೋಲಿಸಿ ನೋಡಿದರು. ಕಿಟಕಿ ಇಟ್ಟ ಕಡೆ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳು ಕೆರಳಿದ್ದವು, ಸ್ಪೈನ್‌ಗಳ ಹುಟ್ಟು-ಸಾವೂ ಜಾಸ್ತಿ. ಕಿಟಕಿಯ ಕಡೆಯವರು ಇದನ್ನು ಸುಮ್ನೆ ಒಪ್ಪಲಿಲ್ಲ. ಕೈ ಪಳಗಿದ್ದರೆ, ಆಪರೇಷನ್ ಆದ ಮೇಲೆ ಕೆಲವು ವಾರ ಕಾದರೆ ಕಿಟಕಿಯೂ ಸರಿಯೇ ಅಂದರು. ಇವತ್ತು ಎರಡೂ ಬಳಕೆಯಲ್ಲಿವೆ.

ಅಂದರೆ ಆಪರೇಷನ್ ಮಾಡಿದ ಕೈಯೂ ಯಂತ್ರದ ಭಾಗವೇ, ಅಲ್ವಾ? ಹತ್ತು ಲ್ಯಾಬಿನ ಹತ್ತು ವಿದ್ಯಾರ್ಥಿಗಳು ಹತ್ತು ಥರ ಕಿಟಕಿ ಕೊರೆದರೆ, ಒಂದೇ ಮೈಕ್ರೋಸ್ಕೋಪಿನಲ್ಲಿ ಹತ್ತು ಥರ ಮಿದುಳು ಕಾಣುತ್ತದೆ. ಸೌಲಭ್ಯ ಕೇಂದ್ರದಲ್ಲಿ ಅದೊಂದೇ ಕೆಲಸಕ್ಕೆ ಪಳಗಿದ ಒಬ್ಬರನ್ನು ಕಾಯಂ ಆಗಿ ಇಟ್ಟುಕೊಳ್ಳುವುದು ನನ್ನ ಪ್ರಕಾರ ಮೊದಲ ಅಪ್‌ಗ್ರೇಡ್.

ಎರಡನೆಯದು ಲಿಫ್ಟ್. ಮೇಲಿನ ಮಹಡಿಯಲ್ಲಿ ಇಲಿಗಳ ಕೋಣೆ, ನೆಲಮಾಳಿಗೆಯಲ್ಲಿ ಮೈಕ್ರೋಸ್ಕೋಪ್ ಅಂದುಕೊಳ್ಳಿ. ಟ್ರಾಲಿ ಗಡಗಡ ಅನ್ನುತ್ತದೆ, ಲಿಫ್ಟ್ ಜರ್ಕ್ ಹೊಡೆಯುತ್ತದೆ, ಹೊಸ ವಾಸನೆ, ಹೊಸ ಬೆಳಕು. ಇಲಿ ಬೆದರುತ್ತದೆ. ಬೆದರಿಕೆ ದಿನಾ ನಡೆದರೆ ಕವಲುಗಳು ಬದಲಾಗುತ್ತವೆ ಅಂತ ಈಗಷ್ಟೇ ನೋಡಿದೆವು. ನೀವು ಅಳೆಯಲು ಹೊರಟದ್ದು ಕಲಿಕೆಯನ್ನು. ಅಳತೆಯಲ್ಲಿ ಲಿಫ್ಟ್ ಕೂಡ ಸೇರಿಕೊಂಡಿತು. ಮೈಕ್ರೋಸ್ಕೋಪಿನ ಪಕ್ಕದಲ್ಲೇ ಇಲಿಗಳಿಗೊಂದು ಶಾಂತ ಕೋಣೆ ಕಟ್ಟಿದರೆ ಅದು ಸಿಮೆಂಟಿನ ಖರ್ಚು. ಉದ್ಘಾಟನೆಗೆ ಯಾರೂ ಬರುವುದಿಲ್ಲ, ಬಿಡಿ.

[ದೃಶ್ಯ: ಬುಕಿಂಗ್ ಕ್ಯಾಲೆಂಡರ್. 1, 4, 8, 30ನೇ ದಿನಗಳಲ್ಲಿ ಒಂದೇ ಇಲಿಯ ನಂಬರ್.]

ಬುಕಿಂಗ್ ಕಥೆ ಕೇಳಿ. ಗಾಜಿನ ಸ್ಲೈಡ್ ಆದರೆ ಈ ವಾರ ಸ್ಲಾಟ್ ಸಿಗದಿದ್ದರೆ ಮುಂದಿನ ವಾರ ನೋಡಬಹುದು. ಇಲ್ಲಿ ಹಾಗಲ್ಲ. ಒಂದೇ ಇಲಿ, ಒಂದೇ ಕವಲು, ಗೊತ್ತು ಮಾಡಿದ ದಿನ. 8ನೇ ದಿನ ಲೇಸರ್ ಕೈಕೊಟ್ಟರೆ ಆ ಸರಣಿ ಅಲ್ಲಿಗೆ ಮುಗಿಯಿತು. ಮತ್ತೆ ಹೊಸ ಇಲಿ, ಹೊಸ ಆಪರೇಷನ್, ಮತ್ತೆ ಕಾಯುವುದು. ಹಾಗಾಗಿ ಯುಪಿಎಸ್, ಲೇಸರ್ ತಂಪು ಮಾಡುವ ಚಿಲ್ಲರ್, ಎಎಂಸಿ (ವರ್ಷದ ರಿಪೇರಿ-ನಿರ್ವಹಣೆ ಒಪ್ಪಂದ), ಇವಕ್ಕೆ ದುಡ್ಡು ಇಡದ ಅಪ್‌ಗ್ರೇಡ್ ಅರ್ಧ ಅಪ್‌ಗ್ರೇಡ್.

ಯಂತ್ರದ ಒಳಗೂ ಎಲ್ಲ ಬದಲಿಸಬೇಕಾಗಿಲ್ಲ. ಹಳೆ ಮೈಕ್ರೋಸ್ಕೋಪಿಗೆ ರೆಸೊನೆಂಟ್ ಸ್ಕ್ಯಾನರ್, ಅಂದರೆ ಬೆಳಕನ್ನು ವೇಗವಾಗಿ ಓಡಾಡಿಸುವ ಕನ್ನಡಿ, ಹಾಕಿಸಿದರೆ ಸೆಕೆಂಡಿಗೆ 30 ಚಿತ್ರ ತೆಗೆಯಬಹುದು. ಹಸಿರು ಹೊಳಪಷ್ಟೇ ಸಾಕಾದರೆ 920 ನ್ಯಾನೊಮೀಟರಿನ ಫೈಬರ್ ಲೇಸರ್ ಸಾಕು. ಆದರೆ ಡಿಸ್ಕ್ ನೆನಪಿರಲಿ. 512×512 ಚುಕ್ಕೆಗಳ 16 ಬಿಟ್ ಚಿತ್ರ, ಸೆಕೆಂಡಿಗೆ 30ರಂತೆ, ಗಂಟೆಗೆ 55 ಜಿಬಿ ಮೀರುತ್ತದೆ. ಪೆನ್‌ಡ್ರೈವ್ ಹಿಡಿದು ಬಂದವರ ಮುಖ ನೋಡಬೇಕು!

ದುಡ್ಡು ಕೊಡುವವರೂ ಹೆಚ್ಚಾಗಿ ಯಂತ್ರಕ್ಕೇ ಕೊಡುತ್ತಾರೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಉಪಕರಣ ಕೊಳ್ಳಲು ದುಡ್ಡು ಕೊಡುವ ಎಸ್10 ಯೋಜನೆಯಲ್ಲಿ ಕನಿಷ್ಠ ಮೂವರು ಮುಖ್ಯ ಬಳಕೆದಾರರು ಇರಬೇಕು. ಒಳ್ಳೆಯ ನಿಯಮ. ಆದರೆ ಆಪರೇಟರ್ ಸಂಬಳ ಅದರಲ್ಲಿ ಬರುವುದಿಲ್ಲ, ಸಂಸ್ಥೆಯೇ ಹೊಂದಿಸಿಕೊಳ್ಳಬೇಕು. ನಮ್ಮಲ್ಲಿ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಐ-ಸ್ಟೆಮ್ ಪೋರ್ಟಲ್ ಶುರುವಾಯಿತು. ದೇಶದಲ್ಲಿ ಯಾವ ಉಪಕರಣ ಎಲ್ಲಿದೆ ಅಂತ ಹುಡುಕಿ ಸ್ಲಾಟ್ ಕೇಳಬಹುದು. ಸ್ಲೈಡ್ ಹಿಡಿದು ಹೋಗುವವರಿಗೆ ತುಂಬಾ ಅನುಕೂಲ. ಕಿಟಕಿ ಕೂರಿಸಿದ ಇಲಿಯನ್ನು ಧಾರವಾಡದಿಂದ ಬಸ್ಸಿನಲ್ಲಿ ತರಲು ಆಗುತ್ತದಾ? ಅಂಥವರಿಗೆ ಸ್ಲಾಟಿನ ಜೊತೆ ತಿಂಗಳ ಮಟ್ಟಿಗೆ ಇಲಿಗೊಂದು ಗೂಡು, ವಿದ್ಯಾರ್ಥಿಗೊಂದು ಹಾಸ್ಟೆಲ್ ರೂಮ್ ಬೇಕು.

ನಿಮ್ಮ ಸಂಸ್ಥೆಯಲ್ಲಿ ಇಂಥ ಮೈಕ್ರೋಸ್ಕೋಪ್ ಇದ್ದರೆ ಒಂದು ಸಲ ಕೆಳಗೆ ಹೋಗಿ, ಅದರ ಎಎಂಸಿ ಯಾವ ತಿಂಗಳು ಮುಗಿಯುತ್ತದೆ ಅಂತ ಕೇಳಿ. ಉತ್ತರವನ್ನು ಕಾಮೆಂಟ್‌ನಲ್ಲಿ ಹಾಕಿ, ಸಂಸ್ಥೆಯ ಹೆಸರು ಬೇಡ.